ಬಟ್ಟೆ ಅಂಗಡಿ ಚೀಲದೊಳಗಿನ ಫೈಲು

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತವರ ಕೈ ಗಮನಿಸಿ. ಬಹಳಷ್ಟು ಜನರ ಕೈಯಲ್ಲಿ ಊರಿನ ಯಾವುದೋ ಬಟ್ಟೆ ಅಂಗಡಿಯ ಚೀಲ ಇರುತ್ತದೆ, ಹಿಡಿ ಸವೆದು ಗಂಟು ಹಾಕಿದ್ದು. ಒಳಗೆ ಸ್ಕ್ಯಾನಿಂಗ್ ಫಿಲ್ಮು, ಗಡ್ಡೆಯ ಚೂರು ತೆಗೆದು ಪರೀಕ್ಷಿಸಿದ ಬಯಾಪ್ಸಿ ರಿಪೋರ್ಟು, ತಾಲ್ಲೂಕು ಆಸ್ಪತ್ರೆಯ ಚೀಟಿ, ರೇಷನ್ ಕಾರ್ಡಿನ ಜೆರಾಕ್ಸು. ಆ ಮನೆಯವರಿಗೆ ಕಾಯಿಲೆಯ ಬಗ್ಗೆ ಗೊತ್ತಾಗಬೇಕಾದ್ದರಲ್ಲಿ ಬಹುಪಾಲು ಆ ಚೀಲದಲ್ಲೇ ಇದೆ. ಹುಡುಕಾಟ ಮಾತ್ರ ಬೇರೆ ಕಡೆ: ಮೆಡಿಕಲ್ ಶಾಪಿನ ಹುಡುಗ, ನರ್ಸಿಂಗ್ ಓದುತ್ತಿರುವ ಅಕ್ಕನ ಮಗಳು, ಯೂಟ್ಯೂಬು, ಟೀ ಅಂಗಡಿ ಬೆಂಚಿನಲ್ಲಿ ಪಕ್ಕ ಕೂತವರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಗಾದೆ ನೆನಪಾಗುತ್ತದೆ. ಆದರೆ ಅವರನ್ನು ನೋಡಿ ನಗುವಂತಿಲ್ಲ, ಯಾಕೆಂದರೆ ಈ ಕೂಸು ಮಾತಾಡುವುದು ಇಂಗ್ಲಿಷಿನಲ್ಲಿ.

ಕಿದ್ವಾಯಿ ಶುರುವಾದದ್ದು 1973ರಲ್ಲಿ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಈಗ ಅದು ಆಸ್ಪತ್ರೆಯ ಹೆಸರಾಗಿ ಉಳಿದಿಲ್ಲ, ಕಾಯಿಲೆಯ ಹೆಸರೇ ಆಗಿಬಿಟ್ಟಿದೆ. ‘ಕಿದ್ವಾಯಿಗೆ ಬರ್ಕೊಟ್ರಂತೆ’ ಅಂದರೆ ಮುಂದಿನದನ್ನು ಯಾರೂ ಕೇಳುವುದಿಲ್ಲ. ಕೇಳದೆ ಉಳಿದ ಆ ಪ್ರಶ್ನೆ ರಾತ್ರಿ ಮೊಬೈಲಿಗೆ ಹೋಗುತ್ತದೆ: ‘ಕ್ಯಾನ್ಸರ್ ಗುಣ ಆಗುತ್ತಾ?’

ಈ ಪ್ರಶ್ನೆಗೆ ಉತ್ತರವಿಲ್ಲ. ‘ಜ್ವರ ಗುಣ ಆಗುತ್ತಾ’ ಅಂದಷ್ಟೇ ಸಡಿಲವಾದ ಪ್ರಶ್ನೆ ಇದು. ಯಾವ ಅಂಗದ್ದು, ಯಾವ ಬಗೆಯ ಜೀವಕೋಶದ್ದು, ಎಷ್ಟು ದೂರ ಹೋಗಿದೆ, ಯಾವ ಔಷಧಿಗೆ ಬಗ್ಗೀತು ಎಂಬ ಗುರುತುಗಳೇನು, ಈ ನಾಲ್ಕು ಸೇರಿದ ಮೇಲಷ್ಟೇ ಪ್ರಶ್ನೆಗೊಂದು ಆಕಾರ ಬರುತ್ತದೆ. ನಾಲ್ಕೂ ಚೀಲದ ರಿಪೋರ್ಟುಗಳಲ್ಲಿ ಸಿಗುತ್ತವೆ. ಸ್ತನ ಕ್ಯಾನ್ಸರಿನ ಬಯಾಪ್ಸಿ ರಿಪೋರ್ಟನ್ನೇ ತೆಗೆದುಕೊಳ್ಳಿ. ‘ಇನ್‌ವೇಸಿವ್ ಕಾರ್ಸಿನೋಮ, ಗ್ರೇಡ್ 2’ ಎಂದಿರುತ್ತದೆ. ಮೊದಲ ಎರಡು ಪದದ ಅರ್ಥ, ಕ್ಯಾನ್ಸರ್ ಅಕ್ಕಪಕ್ಕದ ಅಂಗಾಂಶಕ್ಕೆ ನುಗ್ಗಿದೆ ಅಂತ. ಗ್ರೇಡನ್ನು ನೋಡಿ ‘ಎರಡನೇ ಸ್ಟೇಜಂತೆ’ ಎಂದು ಊರಿಗೆ ಫೋನು ಹೋಗುವುದು ಇಲ್ಲಿ ಆಗುವ ಮೊದಲ ತಪ್ಪು. ಗ್ರೇಡ್ ಅಂದರೆ ಸೂಕ್ಷ್ಮದರ್ಶಕದಲ್ಲಿ ಆ ಕೋಶಗಳು ಎಷ್ಟು ಕೆಟ್ಟದಾಗಿ ಕಾಣುತ್ತಿವೆ ಎಂಬುದು. ಸ್ಟೇಜ್ ಅಂದರೆ ಮೈಯಲ್ಲಿ ಎಷ್ಟು ದೂರ ಹೋಗಿದೆ ಎಂಬುದು. ಬಯಾಪ್ಸಿಯ ಚೂರೊಂದನ್ನೇ ನೋಡಿ ಸ್ಟೇಜ್ ಹೇಳಲು ಆಗುವುದಿಲ್ಲ, ಅದಕ್ಕೆ ಸ್ಕ್ಯಾನ್ ಬೇಕು, ಕೆಲವೊಮ್ಮೆ ಆಪರೇಷನ್ನೇ ಆಗಬೇಕು.

ಅದರ ಕೆಳಗೆ ಇ.ಆರ್., ಪಿ.ಆರ್., ಹರ್-2 ಎಂಬ ಮೂರು ಸಾಲು. ಮೊದಲೆರಡು, ಗಡ್ಡೆ ಹಾರ್ಮೋನಿನಿಂದ ಬೆಳೆಯುತ್ತಿದೆಯೇ ಎಂದು ಹೇಳುತ್ತವೆ. ಪಾಸಿಟಿವ್ ಆಗಿದ್ದರೆ ವರ್ಷಗಟ್ಟಲೆ ನುಂಗುವ, ಹೆಚ್ಚು ದುಬಾರಿಯಲ್ಲದ ಮಾತ್ರೆಗಳ ದಾರಿ ತೆರೆಯಿತು ಅಂತ ಅರ್ಥ. ಹರ್-2 ಕೋಶದ ಬೆಳವಣಿಗೆಯನ್ನು ಚುರುಕುಗೊಳಿಸುವ ಒಂದು ಪ್ರೋಟೀನು, ಅದರ ಮುಂದೆ 0, 1+, 2+, 3+ ಎಂದು ಬರೆದಿರುತ್ತಾರೆ. 3+ ಪಾಸಿಟಿವ್. 0 ಮತ್ತು 1+ ನೆಗೆಟಿವ್. ಪೇಚಾಟ 2+ನಲ್ಲಿ. ಅದು ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಫಿಶ್ ಎಂಬ ಇನ್ನೊಂದು ಪರೀಕ್ಷೆ ಆಗುವತನಕ ತೀರ್ಮಾನವಿಲ್ಲ. ‘ಪ್ಲಸ್ ಅಂತಿದೆಯಲ್ಲ’ ಎಂದು ಪಾಸಿಟಿವ್ ಲೆಕ್ಕ ಹಿಡಿದು ಸಾಲಕ್ಕೆ ಓಡಾಡುವವರಿದ್ದಾರೆ. ‘ಮತ್ತೊಂದು ಟೆಸ್ಟು, ಬರೀ ದುಡ್ಡಿಗೆ’ ಎಂದು ಫಿಶ್ ಬಿಟ್ಟವರೂ ಇದ್ದಾರೆ. ಎರಡನೆಯ ತಪ್ಪು ದೊಡ್ಡದು. ಹರ್-2 ಪಾಸಿಟಿವ್ ಆದವರಿಗೆ ಮೂರು ವಾರಕ್ಕೊಮ್ಮೆಯಂತೆ ಒಂದು ವರ್ಷ ಕೊಡುವ ಟ್ರಾಸ್ಟುಜುಮಾಬ್ ಎಂಬ ಔಷಧಿ ಚಿಕಿತ್ಸೆಯ ದಿಕ್ಕನ್ನೇ ಬದಲಿಸುತ್ತದೆ. ಒಂದು ಕಾಲಕ್ಕೆ ಕೈಗೆಟುಕದ ಔಷಧಿ ಅದು. 2014ರಲ್ಲಿ ಬೆಂಗಳೂರಿನ ಬಯೋಕಾನ್ ಅದರ ಜೈವಿಕ ಪ್ರತಿರೂಪವನ್ನು, ಅಂದರೆ ಅದೇ ಕೆಲಸ ಮಾಡುವ ತನ್ನದೇ ತಯಾರಿಕೆಯನ್ನು, ಮಾರುಕಟ್ಟೆಗೆ ತಂದಿತು.

ರಿಪೋರ್ಟಿನ ಇಂಗ್ಲಿಷಿಗೂ ನಾವು ದಿನಾ ಆಡುವ ಇಂಗ್ಲಿಷಿಗೂ ಸಂಬಂಧ ಕಡಿಮೆ. ಮಾತಿನಲ್ಲಿ ಪಾಸಿಟಿವ್ ಅಂದರೆ ಒಳ್ಳೆಯದು. ಆದರೆ ‘ನೋಡ್ಸ್ ಪಾಸಿಟಿವ್’ ಅಂದರೆ ಕಂಕುಳಿನ ದುಗ್ಧಗ್ರಂಥಿಗೆ ಹೋಗಿದೆ ಅಂತ. ‘ಮಾರ್ಜಿನ್ ನೆಗೆಟಿವ್’ ಸಿಹಿ ಸುದ್ದಿ, ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿಲ್ಲ. ‘ಟ್ರಿಪಲ್ ನೆಗೆಟಿವ್’ ಎಂಬುದನ್ನು ಮೂರು ಪಟ್ಟು ಸಿಹಿ ಸುದ್ದಿ ಅಂದುಕೊಳ್ಳಬಾರದು. ಮೇಲೆ ಹೇಳಿದ ಮೂರು ಗುರುತುಗಳೂ ಇಲ್ಲ, ಹಾಗಾಗಿ ಆ ಮೂರಕ್ಕೆ ಗುರಿಯಿಡುವ ಔಷಧಿಗಳು ಕೆಲಸಕ್ಕೆ ಬರುವುದಿಲ್ಲ ಎಂದರ್ಥ. ‘ಲಿವರ್ ಅನ್‌ರಿಮಾರ್ಕಬಲ್’ ಎಂಬುದು ಲಿವರಿಗೆ ಅವಮಾನವಲ್ಲ, ಅದರಲ್ಲಿ ಹೇಳುವಂಥ ತೊಂದರೆ ಏನೂ ಕಂಡಿಲ್ಲ, ಅಷ್ಟೇ. ‘ಸಜೆಸ್ಟೆಡ್ ಕ್ಲಿನಿಕಲ್ ಕೋರಿಲೇಷನ್’ ಅಂದರೆ ‘ಫಿಲ್ಮಿನಲ್ಲಿ ಕಂಡದ್ದು ಇಷ್ಟು, ರೋಗಿಯನ್ನು ಮುಟ್ಟಿ ನೋಡಿದ ಡಾಕ್ಟರು ತಾಳೆ ಹಾಕಿಕೊಳ್ಳಲಿ’ ಅಂತ. ಪೆಟ್ ಸ್ಕ್ಯಾನಿನಲ್ಲಿ ‘ಎಫ್‌ಡಿಜಿ ಅವಿಡ್’ ಎಂದು ಕಂಡಕೂಡಲೇ ಮನೆಯವರ ಎದೆ ಧಸಕ್ಕೆನ್ನುತ್ತದೆ. ಆ ಜಾಗ ಸಕ್ಕರೆಯನ್ನು ಹೆಚ್ಚು ಹೀರುತ್ತಿದೆ ಎಂದಷ್ಟೇ ಅದರ ಮಾತು. ಕ್ಷಯದ ಗಂಟೂ ಹೀರುತ್ತದೆ, ಮೊನ್ನೆ ಹೊಲಿಗೆ ಹಾಕಿದ ಗಾಯವೂ ಹೀರುತ್ತದೆ. ನಮ್ಮಂಥ ಕ್ಷಯದ ನಾಡಿನಲ್ಲಿ ಇದನ್ನು ಮರೆಯಬಾರದು.

ರಿಪೋರ್ಟಿನ ಫೋಟೋ ತೆಗೆದು ಎಐಗೆ ಹಾಕಿ ಕನ್ನಡದಲ್ಲಿ ಹೇಳು ಅನ್ನುವುದು ಈಚಿನ ರೂಢಿ. ಪದಗಳ ಅರ್ಥಕ್ಕೆ ಅಡ್ಡಿಯಿಲ್ಲ, ಹೆಸರು ಮತ್ತು ಆಸ್ಪತ್ರೆ ನಂಬರನ್ನು ಮುಚ್ಚಿಕೊಂಡು ಕೇಳಿ. ‘ಎಷ್ಟು ದಿನ ಬದುಕ್ತಾರೆ’ ಎಂದು ಮಾತ್ರ ಕೇಳಬೇಡಿ. ಫೋಟೋದಲ್ಲಿ ಇಲ್ಲದ್ದು ಅದಕ್ಕೆ ಗೊತ್ತಿಲ್ಲ, ಆದರೂ ಉತ್ತರ ಕೊಡುತ್ತದೆ.

ಇನ್ನು ಸ್ಟೇಜು. ನಾಲ್ಕನೇ ಸ್ಟೇಜ್ ಅಂದರೆ ಮುಗಿಯಿತು ಎಂಬುದು ಸಿನಿಮಾ ಕಲಿಸಿದ ಪಾಠ. ಒಂದೊಂದು ಕ್ಯಾನ್ಸರಿಗೂ ಸ್ಟೇಜಿನ ಅಳತೆಗೋಲು ಬೇರೆ. ವೃಷಣದ ಕ್ಯಾನ್ಸರಿಗೆ ನಾಲ್ಕನೇ ಸ್ಟೇಜೇ ಇಲ್ಲ, ಮೂರಕ್ಕೆ ನಿಲ್ಲುತ್ತದೆ. ಥೈರಾಯ್ಡಿನ ಪ್ಯಾಪಿಲರಿ ಬಗೆಯಲ್ಲಿ ರೋಗಿಯ ವಯಸ್ಸು 55ಕ್ಕಿಂತ ಕಡಿಮೆಯಿದ್ದರೆ, ಶ್ವಾಸಕೋಶಕ್ಕೆ ಹೋಗಿದ್ದರೂ ಅದು ಎರಡನೇ ಸ್ಟೇಜೇ. ಹಾಜ್‌ಕಿನ್ ಲಿಂಫೋಮಾ ಎಂಬ ದುಗ್ಧಗ್ರಂಥಿಯ ಕ್ಯಾನ್ಸರ್ ನಾಲ್ಕನೇ ಸ್ಟೇಜಿನಲ್ಲಿ ಸಿಕ್ಕರೂ ಪೂರ್ತಿ ಗುಣವಾಗುವವರು ಬಹಳ ಮಂದಿ. ಅಕ್ಯೂಟ್ ಲ್ಯುಕೇಮಿಯಾದಂಥ, ಬೇಗ ಏರುವ ರಕ್ತದ ಕ್ಯಾನ್ಸರಿಗೆ ಈ ಒಂದು-ಎರಡು-ಮೂರರ ಲೆಕ್ಕ ಹೊಂದುವುದೇ ಇಲ್ಲ. ಆದ್ದರಿಂದ ಪಕ್ಕದ ಮನೆಯವರ ‘ಮೂರನೇ ಸ್ಟೇಜು’ ಏನಾಯಿತು ಎಂಬ ಕಥೆ ನಿಮ್ಮ ಮನೆಯ ‘ಮೂರನೇ ಸ್ಟೇಜಿ’ಗೆ ಯಾವ ದಾರಿಯನ್ನೂ ತೋರಿಸದು.

ಬದುಕುಳಿಯುವ ಅಂಕಿಗಳದೂ ಇದೇ ಕಥೆ. ಇಂಟರ್‌ನೆಟ್ಟಿನಲ್ಲಿ ಸುಲಭವಾಗಿ ಸಿಗುವ ‘ಐದು ವರ್ಷದ ಶೇಕಡಾವಾರು’ ಬಹುಮಟ್ಟಿಗೆ ಅಮೆರಿಕದ್ದು. ಅಲ್ಲಿನ ಆ ಪಟ್ಟಿಗಳಲ್ಲಿ ಸ್ಟೇಜ್ ಒಂದರಿಂದ ನಾಲ್ಕು ಇರುವುದಿಲ್ಲ. ಇದ್ದ ಜಾಗದಲ್ಲೇ ಇದೆ, ಪಕ್ಕಕ್ಕೆ ಹಬ್ಬಿದೆ, ದೂರ ಹೋಗಿದೆ ಎಂಬ ಮೂರೇ ಗುಂಪು. ಇವತ್ತು ಐದು ವರ್ಷ ಪೂರೈಸಿದವರಿಗೆ ಕಾಯಿಲೆ ಪತ್ತೆಯಾದದ್ದು ಐದು ವರ್ಷದ ಹಿಂದೆ, ಅಂದರೆ ಅವರು ಪಡೆದದ್ದು ಅಂದಿನ ಚಿಕಿತ್ಸೆ. ‘ಮೀಡಿಯನ್ 14 ತಿಂಗಳು’ ಎಂದು ಕಂಡರೆ ಅದನ್ನು ಗಡುವು ಎಂದು ಓದಬಾರದು. ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ಐವತ್ತು ಜನ ಅದಕ್ಕಿಂತ ಹೆಚ್ಚು ಬದುಕಿದರು ಎಂಬುದೂ ಅದೇ ಅಂಕಿಯ ಅರ್ಥ. ನಿಮ್ಮವರು ಆ ಸಾಲಿನಲ್ಲಿ ಎಲ್ಲಿ ನಿಲ್ಲುತ್ತಾರೆ ಎಂದು ಆ ಅಂಕಿ ಹೇಳದು.

ಹಾಗಾದರೆ ಡಾಕ್ಟರನ್ನು ಕೇಳಲೇಬೇಕಾದ್ದು ಏನು? ಒಂದೇ ಪ್ರಶ್ನೆಗೆ ಅವಕಾಶ ಅನ್ನುವುದಾದರೆ ಇದು: ‘ಡಾಕ್ಟ್ರೇ, ಈ ಚಿಕಿತ್ಸೆ ಕಾಯಿಲೆಯನ್ನ ಗುಣ ಮಾಡೋಕ್ಕಾ, ಹತೋಟಿಯಲ್ಲಿ ಇಡೋಕ್ಕಾ?’ ಕೀಮೋ, ಅಂದರೆ ಕ್ಯಾನ್ಸರ್ ಕೋಶ ಕೊಲ್ಲುವ ಔಷಧಿ, ಕೊಡುತ್ತಿದ್ದಾರೆ ಅಂದಮೇಲೆ ಗುಣ ಮಾಡಲಿಕ್ಕೇ ಎಂದು ಬಹುತೇಕರು ಅಂದುಕೊಳ್ಳುತ್ತಾರೆ. ಓದಿದವರು, ಓದದವರು ಎಂಬ ಭೇದವಿಲ್ಲ. 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ದೂರಕ್ಕೆ ಹರಡಿದ ಕ್ಯಾನ್ಸರಿಗೆ ಕೀಮೋ ಪಡೆಯುತ್ತಿದ್ದವರನ್ನು ಮಾತಾಡಿಸಿತು. ಶ್ವಾಸಕೋಶದ ಕ್ಯಾನ್ಸರಿನವರಲ್ಲಿ 69%, ದೊಡ್ಡ ಕರುಳಿನ ಕ್ಯಾನ್ಸರಿನವರಲ್ಲಿ 81% ಮಂದಿಗೆ, ಆ ಕೀಮೋದಿಂದ ಕಾಯಿಲೆ ವಾಸಿಯಾಗುವ ಸಂಭವವಿಲ್ಲ ಎಂಬುದು ಮನಸ್ಸಿಗೆ ಇಳಿದಿರಲಿಲ್ಲ. ಡಾಕ್ಟರು ‘ಔಷಧಿಗೆ ಚೆನ್ನಾಗಿ ಸ್ಪಂದಿಸುತ್ತಿದೆ’ ಎನ್ನುತ್ತಾರೆ, ಕೇಳುವವರ ಕಿವಿಗೆ ‘ಗುಣ ಆಗ್ತಿದೆ’ ಎಂದು ಬೀಳುತ್ತದೆ. ಹೊಲ ಮಾರಬೇಕೋ ಬೇಡವೋ, ಮಗಳ ಮದುವೆಯನ್ನು ಮುಂದಕ್ಕೆ ಹಾಕಬೇಕೋ ಹಿಂದಕ್ಕೆ ತರಬೇಕೋ, ಇವೆಲ್ಲ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಆದರೂ ಕೇಳುವವರು ಕಡಿಮೆ. ಯಾಕೆ ಕೇಳುವುದಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರ ಮುಂದೆ ಸಿಗುವುದು ಕೆಲವೇ ನಿಮಿಷ. ಎದ್ದು ಬಾಗಿಲು ದಾಟುವಾಗ ‘ಅಯ್ಯೋ, ಅದನ್ನ ಕೇಳ್ಬೇಕಿತ್ತು’ ಎಂದು ನೆನಪಾಗುತ್ತದೆ. ಹಿಂದಿನ ರಾತ್ರಿಯೇ ಒಂದು ಚೀಟಿಯಲ್ಲಿ ಮೂರು ಪ್ರಶ್ನೆ ಬರೆದಿಟ್ಟುಕೊಳ್ಳಿ. ಹತ್ತು ಬೇಡ, ಹತ್ತಿದ್ದರೆ ಮೊದಲ ಮೂರರಲ್ಲೇ ಸಮಯ ಮುಗಿದು ಮುಖ್ಯವಾದದ್ದು ಏಳನೆಯದಾಗಿ ಉಳಿಯುತ್ತದೆ. ಕೂತಕೂಡಲೇ ಚೀಟಿಯನ್ನು ಡಾಕ್ಟರ ಮುಂದಿಡಿ. ‘ಮೊಬೈಲ್‌ನಲ್ಲಿ ರೆಕಾರ್ಡ್ ಮಾಡ್ಕೊಳ್ಳಲಾ ಸರ್, ಮನೇಲಿ ಅಣ್ಣನಿಗೆ ಕೇಳಿಸ್ಬೇಕು’ ಎಂದು ಕೇಳಿದರೆ ಒಪ್ಪುವವರು ಇದ್ದಾರೆ. ಕೇಳದೆ ಕದ್ದು ಮಾಡಬೇಡಿ. ಒಪ್ಪದಿದ್ದರೆ ಜೊತೆಗೆ ಬಂದ ಇನ್ನೊಬ್ಬರು ಬರೆದುಕೊಳ್ಳಲಿ. ಕೆಟ್ಟ ಸುದ್ದಿ ಕೇಳಿದ ಮೇಲೆ ಆ ಕೋಣೆಯಲ್ಲಿ ಹೇಳಿದ ಉಳಿದ ಯಾವುದೂ ರೋಗಿಯ ತಲೆಗೆ ಹೋಗಿರುವುದಿಲ್ಲ.

ಅದಕ್ಕಿಂತ ಮೊದಲು ರೋಗಿ ಆ ಕೋಣೆಯಲ್ಲಿ ಇರಬೇಕಲ್ಲ? ನಮ್ಮಲ್ಲಿ ಮಗ ಒಬ್ಬನೇ ಮೊದಲು ಒಳಗೆ ಬರುತ್ತಾನೆ. ‘ಡಾಕ್ಟ್ರೇ, ಅಮ್ಮನ ಮುಂದೆ ಆ ಹೆಸರು ಎತ್ಬೇಡಿ. ಅಲ್ಸರ್ ಅಂತ ಹೇಳಿದ್ದೀವಿ, ಗೊತ್ತಾದ್ರೆ ಎದೆ ಒಡ್ಕೊಂಡ್‌ಬಿಡ್ತಾರೆ.’ ಪ್ರೀತಿಯಿಂದಲೇ ಆಡುವ ಮಾತು, ಅನುಮಾನವಿಲ್ಲ. ಆದರೆ ಅಲ್ಸರ್‌ಗೆ ಕೂದಲು ಉದುರುವುದಿಲ್ಲ. ಕಟ್ಟಡದ ಬೋರ್ಡಿನ ಮೇಲೆ ಕ್ಯಾನ್ಸರ್ ಎಂದು ಬರೆದಿರುತ್ತದೆ. ಕೀಮೋ ಕುರ್ಚಿಯಲ್ಲಿ ಪಕ್ಕದವರು ‘ನಿಮ್ಗೆ ಎಲ್ಲಿಗೆ ಬಂದಿರೋದು?’ ಎಂದು ಸಲೀಸಾಗಿ ಕೇಳುತ್ತಾರೆ. ಆ ತಾಯಿಗೆ ವಾರದೊಳಗೆ ಗೊತ್ತಾಗಿರುತ್ತದೆ. ಮಗನಿಗೆ ನೋವಾದೀತು ಎಂದು ಅವರೂ ಗೊತ್ತಿಲ್ಲದವರ ಹಾಗೆ ಇರುತ್ತಾರೆ. ಒಂದೇ ಮನೆಯಲ್ಲಿ ಇಬ್ಬರು ಒಬ್ಬರಿಗೊಬ್ಬರು ಮುಚ್ಚಿಡುತ್ತ ಕೂತಿರುವುದು ನನ್ನ ಲೆಕ್ಕದಲ್ಲಿ ಕಾಯಿಲೆಯಷ್ಟೇ ಸುಸ್ತು ತರುವ ಕೆಲಸ. ಅಲ್ಸರ್ ಎಂದು ನಂಬಿದವರು ಬಾಯಿಹುಣ್ಣಿನ, ಜ್ವರದ ಮಾತು ಎತ್ತುವುದಿಲ್ಲ, ‘ಸ್ವಲ್ಪ ಹಗುರಾಗಿದೆ’ ಎಂದು ಮುಂದಿನ ಕೀಮೋ ತಪ್ಪಿಸುತ್ತಾರೆ.

ಹಾಗೆಂದು ಎಲ್ಲವನ್ನೂ ಒಂದೇ ಸಲ ತಲೆಯ ಮೇಲೆ ಸುರಿಯಬೇಕಿಲ್ಲ. ಎಲ್ಲ ತಿಳಿದರೇ ನೆಮ್ಮದಿ ಎನ್ನುವವರಿದ್ದಾರೆ, ‘ನೀವೇ ನೋಡ್ಕೊಳ್ಳಿ’ ಎನ್ನುವವರೂ ಇದ್ದಾರೆ. ಯಾರು ಯಾವ ಬಗೆ ಎಂದು ತಿಳಿಯಲು ಅವರನ್ನೇ ಕೇಳಬೇಕು: ‘ಅಮ್ಮಾ, ಡಾಕ್ಟ್ರು ಎಲ್ಲಾ ವಿವರ ನಿಮಗೆ ಹೇಳ್ಲಾ, ನಂಗೆ ಹೇಳಿದ್ರೆ ಸಾಕಾ?’ ಉತ್ತರ ತಿಂಗಳಿಗೊಮ್ಮೆ ಬದಲಾಗಬಹುದು, ಆದ್ದರಿಂದ ಮತ್ತೆ ಕೇಳುತ್ತಿರಬೇಕು.

ಎರಡನೇ ಅಭಿಪ್ರಾಯಕ್ಕೆ ಹೋಗುವವರು ಸಾಮಾನ್ಯವಾಗಿ ರಿಪೋರ್ಟಿನ ಕಾಗದವನ್ನಷ್ಟೇ ಒಯ್ಯುತ್ತಾರೆ. ಎರಡನೆಯ ಡಾಕ್ಟರು ಆಗ ಓದುವುದು ಮೊದಲನೆಯವರ ಅಭಿಪ್ರಾಯವನ್ನೇ. ಒಯ್ಯಬೇಕಾದ್ದು ಗಾಜಿನ ಸ್ಲೈಡುಗಳನ್ನು, ಜೊತೆಗೆ ಬ್ಲಾಕನ್ನು. ಬಯಾಪ್ಸಿ ಚೂರನ್ನು ಮೇಣದಲ್ಲಿ ಹುದುಗಿಸಿದ ಪುಟ್ಟ ಬಿಲ್ಲೆ ಅದು. ಹೊಸ ಗುರುತುಗಳ ಪರೀಕ್ಷೆಗೆ ಅದರಿಂದಲೇ ಇನ್ನೊಂದು ತೆಳುಪದರ ಕೊಯ್ಯಬಹುದು, ಮತ್ತೆ ಸೂಜಿ ಹಾಕುವುದು ತಪ್ಪುತ್ತದೆ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಮೇಣ ಮೇಣವೇ. ಸ್ಕ್ಯಾನಿನ ಫಿಲ್ಮಿಗಿಂತ ಸಿಡಿ ಮುಖ್ಯ. ಸಿಡಿ ತೆರೆದುಕೊಳ್ಳದೆ ಕೈಕೊಡುವುದು ಮಾಮೂಲು, ಆದ್ದರಿಂದ ಸ್ಕ್ಯಾನ್ ಸೆಂಟರಿನಲ್ಲೇ ತೆರೆಸಿ ನೋಡಿ, ಪೆನ್‌ಡ್ರೈವಿಗೂ ಹಾಕಿಸಿಕೊಳ್ಳಿ. ದಾಖಲೆ ಕೊಡುವುದಿಲ್ಲ ಎಂದರೆ 2002ರ ಭಾರತೀಯ ವೈದ್ಯಕೀಯ ಮಂಡಳಿಯ ನಿಯಮವನ್ನು ನೆನಪಿಸಬಹುದು, ಕೇಳಿದ 72 ಗಂಟೆಯೊಳಗೆ ಕೊಡಬೇಕು. ಬಹುತೇಕ ಗಡ್ಡೆಗಳಿಗೆ ಒಂದೆರಡು ವಾರದ ಓಡಾಟದಿಂದ ನಷ್ಟವಿಲ್ಲ. ಅಕ್ಯೂಟ್ ಲ್ಯುಕೇಮಿಯಾ ಆದರೆ, ಬೆನ್ನುಹುರಿ ಒತ್ತಿ ಕಾಲು ಸೋಲುತ್ತಿದ್ದರೆ ಮಾತು ಬೇರೆ. ಅಲ್ಲಿ ಮೊದಲು ಚಿಕಿತ್ಸೆ, ಆಮೇಲೆ ಅಭಿಪ್ರಾಯ.

ಟೀ ಅಂಗಡಿಯ ಬೆಂಚು, ಧರ್ಮಶಾಲೆಯ ಜಗಲಿ, ಇವನ್ನು ಹಗುರಾಗಿ ಕಾಣುವ ವೈದ್ಯರಿದ್ದಾರೆ. ಬಾಯಿಹುಣ್ಣಾದಾಗ ಅನ್ನವನ್ನು ಎಷ್ಟು ನುಣ್ಣಗೆ ಕಿವುಚಬೇಕು, ಯಾವ ಕೌಂಟರಿನಲ್ಲಿ ಯಾವ ಸೀಲು, ಕರೆಂಟ್ (ರೇಡಿಯೇಷನ್) ಕೊಟ್ಟ ಜಾಗಕ್ಕೆ ಯಾವ ರವಿಕೆ ಉಜ್ಜುವುದಿಲ್ಲ, ಇವೆಲ್ಲ ಆ ಬೆಂಚಿಗೇ ಗೊತ್ತು. ಅದು ಎಡವುವುದು ಔಷಧಿಯ ವಿಷಯಕ್ಕೆ ಬಂದಾಗ. ಒಂದು ಉದಾಹರಣೆ ಸಾಕು. ಫೈವ್ ಎಫ್‌ಯು ಎಂಬ ಔಷಧಿಯನ್ನು ಒಂದೇ ಸಲ ಸಿರಿಂಜಿನಲ್ಲಿ ಕೊಡುವಾಗ ಬಾಯಲ್ಲಿ ಐಸ್ ಚೂರು ಇಟ್ಟುಕೊಂಡರೆ ಹುಣ್ಣು ಕಡಿಮೆಯಾಗುತ್ತದೆ, ಪರೀಕ್ಷಿಸಿ ಕಂಡುಕೊಂಡದ್ದು. ‘ಐಸ್ ಚೀಪಿ, ನಂಗೆ ಹುಣ್ಣೇ ಆಗ್ಲಿಲ್ಲ’ ಎಂದು ಒಬ್ಬರು ಪಕ್ಕದವರಿಗೆ ಹೇಳುತ್ತಾರೆ. ಪಕ್ಕದವರಿಗೆ ಹಾಕುತ್ತಿರುವುದು ಆಕ್ಸಾಲಿಪ್ಲಾಟಿನ್. ಅದು ಹಾಕಿಸಿಕೊಂಡವರಿಗೆ ಕೆಲವು ದಿನ ತಣ್ಣನೆಯದು ತಾಕಿದರೆ ಬೆರಳು ಜುಮ್ಮೆನ್ನುತ್ತದೆ, ಗಂಟಲು ಬಿಗಿದು ಉಸಿರು ಕಟ್ಟಿದಂತಾಗುತ್ತದೆ. ಅವರು ಫ್ರಿಜ್ಜಿನ ಬಾಟಲಿ ಮುಟ್ಟುವಾಗಲೂ ಹುಷಾರಾಗಿರಬೇಕು. ಇಬ್ಬರದೂ ‘ಕೀಮೋ’ನೇ, ಇಬ್ಬರದೂ ಕರುಳಿನ ಕಾಯಿಲೆಯೇ. ಹಾಗಾಗಿ ನಿಮ್ಮ ಔಷಧಿಯ ಹೆಸರನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡಿರಿ. ಸಲಹೆ ಕೊಟ್ಟವರ ಔಷಧಿಯೂ ಅದೇನಾ ಎಂದು ಕೇಳಿ.

ವಾಟ್ಸಾಪಿನ ಹನುಮಫಲ ಇವತ್ತಿಗೂ ಕೀಮೋಗಿಂತ ‘ಹತ್ತು ಸಾವಿರ ಪಟ್ಟು’ ಬಲಶಾಲಿಯಾಗಿಯೇ ಓಡಾಡುತ್ತಿದೆ. ಆ ಮಾತಿನ ಮೂಲ ಲ್ಯಾಬಿನ ಪ್ರಯೋಗ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶವನ್ನು ಬ್ಲೀಚಿಂಗ್ ನೀರೂ ಕೊಲ್ಲುತ್ತದೆ, ಅದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ‘ಸೂಜಿ ಚುಚ್ಚಿದ್ರೆ ಹರಡುತ್ತೆ’ ಎಂಬ ಮಾತಿಗೆ ಮಾತ್ರ ಸ್ವಲ್ಪ ಗಮನ ಬೇಕು, ಯಾಕೆಂದರೆ ಬಯಾಪ್ಸಿಗೆ ಹೆದರಿ ತಿಂಗಳುಗಟ್ಟಲೆ ಕಳೆಯುವವರು ಬಹಳ. ವೃಷಣದ ಗಡ್ಡೆಯಂಥ ಕೆಲವು ಕಡೆ ಡಾಕ್ಟರುಗಳೇ ಸೂಜಿ ಹಾಕುವುದಿಲ್ಲ, ಅದು ಅವರಿಗೆ ಗೊತ್ತಿರುವ ವಿಷಯ. ಉಳಿದಂತೆ ಬಯಾಪ್ಸಿ ಇಲ್ಲದೆ ಚಿಕಿತ್ಸೆ ಶುರು ಮಾಡುವುದು ವಿಳಾಸವಿಲ್ಲದೆ ಕಾಗದ ಹಾಕಿದಂತೆ.

ಶಿವಮೊಗ್ಗ ಜಿಲ್ಲೆಯ ಆನಂದಪುರದ ಬಳಿ ನರಸೀಪುರದಲ್ಲಿ ನಾಟಿ ಔಷಧಿಗಾಗಿ ಗುರುವಾರ, ಭಾನುವಾರ ನಿಲ್ಲುತ್ತಿದ್ದ ಸಾಲನ್ನು ಕರ್ನಾಟಕದಲ್ಲಿ ಕೇಳದವರಿಲ್ಲ. ಜನ ಅಲ್ಲಿಗೆ ಹೋದದ್ದಕ್ಕೆ ಮೌಢ್ಯ ಎಂಬ ಒಂದೇ ಕಾರಣ ಕೊಡುವುದು ಸೋಮಾರಿತನ. ತಮ್ಮ ಮಾತಿನಲ್ಲಿ ಯಾರಾದರೂ ಆಶೆಯ ಎರಡು ನುಡಿ ಆಡಲಿ ಎಂಬ ಹಸಿವು ಆಸ್ಪತ್ರೆಯಲ್ಲಿ ತೀರಿರಲಿಲ್ಲ. ಹಾಗಿದ್ದರೂ ಕ್ಯಾನ್ಸರ್ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರ ಅಪರಾಧ. ಟಿವಿಯಲ್ಲೋ ಗೋಡೆಯ ಮೇಲೋ ಅಂಥದ್ದು ಕಂಡರೆ ಅಷ್ಟೇ ಸಾಕು, ದೂರವಿರಿ. ಕಷಾಯ, ಪುಡಿ ಏನೇ ತೆಗೆದುಕೊಳ್ಳುತ್ತಿದ್ದರೂ ಕೀಮೋ ಡಾಕ್ಟರಿಗೆ ಹೇಳಿ. 2021ರಲ್ಲಿ ಮುಂಬೈಯ ವೈದ್ಯರು ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಲಿವರಿಗೆ ಹಾನಿಯಾದದ್ದನ್ನು ದಾಖಲಿಸಿದರು, ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದ ಹೇಗೇ ಇರಲಿ, ಲಿವರ್ ಪರೀಕ್ಷೆಯ ಅಂಕಿ ಏರಿದಾಗ ಅದು ಕೀಮೋದಿಂದಲೋ ಕಷಾಯದಿಂದಲೋ ಎಂದು ತಿಳಿಯದೆ ಡಾಕ್ಟರು ಕೀಮೋ ನಿಲ್ಲಿಸಿಬಿಟ್ಟರೆ ನಷ್ಟ ರೋಗಿಯದು.

ಹಣದ ಮಾಹಿತಿ ತಡವಾಗಿ ಸಿಕ್ಕಿದಷ್ಟೂ ನಷ್ಟ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30%, ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಕೈಯಿಂದ ಕಟ್ಟಿ ಆಮೇಲೆ ವಾಪಸ್ ಕೇಳುವ ಯೋಜನೆ ಇದಲ್ಲ, ಆದ್ದರಿಂದ ಅಡ್ಮಿಷನ್‌ಗೆ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕೆಂದು ಇರುವ ಆರೋಗ್ಯಮಿತ್ರರನ್ನು ಹುಡುಕಿ. ರೈಲಿನಲ್ಲಿ ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಾರರಿಗೆ 75%. ಆಸ್ಪತ್ರೆಯಿಂದ ನಮೂನೆ ಬರೆಸಿಕೊಳ್ಳಬೇಕು.

ಅಮೆರಿಕದಲ್ಲಿರುವ ಮಗನೋ ಭಾವಮೈದುನನೋ ರಾತ್ರಿ ಹನ್ನೊಂದಕ್ಕೆ ಅಲ್ಲಿನ ಮಾರ್ಗಸೂಚಿಯ ಪಿಡಿಎಫ್ ಕಳಿಸುತ್ತಾರೆ. ‘ಇಲ್ಲಿ ಇದನ್ನ ಕೊಡ್ತಾರಂತೆ, ನಿಮ್ಮ ಡಾಕ್ಟ್ರು ಯಾಕೆ ಕೊಡ್ತಿಲ್ಲ?’ ಕಾಳಜಿಯ ಪ್ರಶ್ನೆಯೇ. ಅದನ್ನು ಇಲ್ಲಿ ಡಾಕ್ಟರ ಮುಂದೆ ಆಪಾದನೆಯ ದನಿಯಲ್ಲಿ ಇಟ್ಟಾಗ ಮಾತು ಕೆಡುತ್ತದೆ. ‘ಟ್ಯೂಮರ್ ಬೋರ್ಡಿನಲ್ಲಿ ನಮ್ಮ ಕೇಸು ಚರ್ಚೆ ಆಯ್ತಾ ಸರ್, ಈ ಔಷಧಿ ನಮಗೆ ಹೊಂದಲ್ವಾ?’ ಎಂದು ಕೇಳಿದರೆ ಉತ್ತರ ಬರುತ್ತದೆ. ಟ್ಯೂಮರ್ ಬೋರ್ಡು ಅಂದರೆ ಬೇರೆ ಬೇರೆ ವಿಭಾಗದ ಡಾಕ್ಟರುಗಳು ಕೂತು ಕೇಸು ಚರ್ಚಿಸುವ ಸಭೆ.

ಇಷ್ಟೆಲ್ಲ ಹುಡುಕುವವರು ಯಾರೂ ಹುಡುಕದ ಒಂದು ಮಾಹಿತಿಯಿದೆ, ಜೀವ ಉಳಿಸುವುದು ಅದೇ. ಕೀಮೋ ಆದ ಸುಮಾರು ಏಳರಿಂದ ಹದಿನಾಲ್ಕನೇ ದಿನದ ನಡುವೆ ಬಿಳಿ ರಕ್ತಕಣ ತಳ ಮುಟ್ಟುತ್ತದೆ. ಆಗ ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಕಂಡರೆ ಅದು ತುರ್ತು, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ. ‘ಡೋಲೋ ನುಂಗಿ ಮಲಗು, ಬೆಳಗ್ಗೆ ನೋಡೋಣ’ ಎನ್ನುವುದೇ ಎಲ್ಲಕ್ಕಿಂತ ಅಪಾಯದ ಮನೆಮದ್ದು. ಮಾತ್ರೆ ಜ್ವರವನ್ನು ಮುಚ್ಚುತ್ತದೆ, ರಕ್ತದಲ್ಲಿ ಸೋಂಕು ಏರುತ್ತಲೇ ಇರುತ್ತದೆ. ಊರಿನ ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿ ರಕ್ತಪರೀಕ್ಷೆ ಮಾಡಿ ಆಂಟಿಬಯಾಟಿಕ್ ಡ್ರಿಪ್ ಹಾಕುತ್ತಾರೆ ಎಂದು ಮೊದಲ ಕೀಮೋಗೆ ಮುಂಚೆಯೇ ಕೇಳಿ, ಆ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.

ಚಿಕಿತ್ಸೆ ಮುಗಿದ ದಿನ ಎಲ್ಲರಿಗೂ ಮನೆಗೆ ಓಡುವ ಆತುರ. ಒಂದು ಪುಟ ಬರೆಸಿಕೊಂಡು ಹೊರಡಿ: ಯಾವ ಔಷಧಿ, ಒಟ್ಟು ಎಷ್ಟು ಮಿಲಿಗ್ರಾಂ, ರೇಡಿಯೇಷನ್ ಯಾವ ಜಾಗಕ್ಕೆ ಎಷ್ಟು ಗ್ರೇ (ಅದರ ಅಳತೆ), ಯಾವ ತಾರೀಕಿನಿಂದ ಯಾವ ತಾರೀಕಿಗೆ. ಮೂತ್ರವನ್ನು ಕೆಂಪಾಗಿಸುವ ಆ ‘ಕೆಂಪು ಔಷಧಿ’ ಡಾಕ್ಸೊರುಬಿಸಿನ್‌ಗೆ ಜೀವಮಾನದ ಮಿತಿಯಿದೆ, ಮೈಯಳತೆಯ ಪ್ರತಿ ಚದರ ಮೀಟರಿಗೆ ಸುಮಾರು 450ರಿಂದ 550 ಮಿಲಿಗ್ರಾಂ. ಅದನ್ನು ದಾಟಿದರೆ ಹೃದಯ ಸೋಲುವ ಅಪಾಯ ಏರುತ್ತದೆ. ಹತ್ತು ವರ್ಷದ ಮೇಲೆ ಕಾಯಿಲೆ ಮರಳಿದರೆ ಹೊಸ ಡಾಕ್ಟರು ಕೇಳುವ ಮೊದಲ ಪ್ರಶ್ನೆ ‘ಆಗ ಎಷ್ಟು ಕೊಟ್ಟಿದ್ರು?’ ಒಳರೋಗಿಯ ದಾಖಲೆಯನ್ನು ಆಸ್ಪತ್ರೆ ಇಟ್ಟುಕೊಂಡಿರಬೇಕಾದ್ದು 3 ವರ್ಷ ಮಾತ್ರ. ಅಷ್ಟರಲ್ಲಿ ಮನೆ ಬದಲಾಯಿಸುವಾಗ ಬಟ್ಟೆ ಅಂಗಡಿಯ ಚೀಲ ಅಟ್ಟ ಸೇರಿರುತ್ತದೆ, ಫಿಲ್ಮುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಆ ಒಂದು ಪುಟವನ್ನು ಅದರೊಳಗೆ ಹಾಕಬೇಡಿ, ರೇಷನ್ ಕಾರ್ಡಿನ ಜೊತೆ ಇಡಿ.